ಅಟ್ಲಾಂಟಿಕ್‌ನ ಎರಡು ದಡ, ನಮ್ಮ ಕಣದ ಜೋಳ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಹೊರಲೋಕದ ಒಂದು ದೊಡ್ಡ ಸಂಗತಿಯನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಬದುಕಿಗೆ ಹೊಂದಿಸಿ ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಅಮೆರಿಕ ಮತ್ತು ಯುರೋಪಿನ ನಡುವೆ ಹಲವು ದಶಕಗಳಿಂದ ನಡೆದಿರುವ ವ್ಯಾಜ್ಯ. ಯಾವ ಆಹಾರ ಮಾರಬಹುದು, ಯಾವ ಬೀಜ ಬಿತ್ತಬಹುದು, ಯಾವ ರಾಸಾಯನಿಕ ಎಷ್ಟು ಉಳಿದರೆ ತಪ್ಪಿಲ್ಲ, ಇಂಥ ನಿಯಮಗಳನ್ನು ಕುರಿತ ವ್ಯಾಜ್ಯ ಅದು. ನ್ಯಾಯ ನಡೆಯುವುದು ಬ್ರಸೆಲ್ಸ್, ವಾಷಿಂಗ್ಟನ್, ಜಿನೀವಾಗಳಲ್ಲಿ. ಅದರ ಬಿಸಿ ಮಾತ್ರ ನಮ್ಮ ಮೆಕ್ಕೆಜೋಳ, ಮೆಣಸು, ಅಡಿಕೆಯವರೆಗೂ ಬರುತ್ತದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆ ಜಗಳದಲ್ಲಿ ನಾವು ಅಮೆರಿಕದ ಪಕ್ಷ ವಹಿಸಬೇಕೋ ಯುರೋಪಿನ ಪಕ್ಷ ವಹಿಸಬೇಕೋ ಎಂಬುದು ನಮ್ಮ ಪ್ರಶ್ನೆಯಾಗಬಾರದು. ತಾನೇ ಪರೀಕ್ಷೆ ಮಾಡದ, ತಾನೇ ದಾಖಲೆ ಇಡದ, ತನ್ನ ರೈತರನ್ನು ಕೇಳಿ ನಿಯಮ ಬರೆಯದ ನಾಡನ್ನು ಎರಡೂ ಕಡೆಯವರು ತಳ್ಳುತ್ತಾರೆ. ನಿಯಮ ಬರೆಯುವ ಶಕ್ತಿಯನ್ನು ನಾವು ಇಲ್ಲಿಯೇ ಕಟ್ಟಿಕೊಳ್ಳಬೇಕು.

ಯಾರು ಸಾಬೀತುಪಡಿಸಬೇಕು?

ಜಗಳದ ಬೇರು ಒಂದು ಸರಳ ಪ್ರಶ್ನೆಯಲ್ಲಿದೆ. ಹೊಸ ವಸ್ತುವೊಂದು ಮಾರುಕಟ್ಟೆಗೆ ಬಂದಾಗ ಅದರ ಒಳಿತು ಕೆಡುಕನ್ನು ಯಾರು ಸಾಬೀತುಪಡಿಸಬೇಕು? ಕೆಡುಕಿದೆ ಎಂದು ತೋರಿಸು, ಆಮೇಲೆ ತಡೆಯುತ್ತೇನೆ ಎನ್ನುವುದು ಇಂದಿನ ಅಮೆರಿಕದ ಒಲವು. ಕೆಡುಕಿಲ್ಲ ಎಂದು ತೋರಿಸು, ಆಮೇಲೆ ಒಳಗೆ ಬಿಡುತ್ತೇನೆ ಎನ್ನುವುದು ಯುರೋಪಿನ ಒಲವು. ಯುರೋಪ್ ಒಕ್ಕೂಟ ಇದನ್ನು ಮುನ್ನೆಚ್ಚರಿಕೆಯ ತತ್ತ್ವವೆಂದು ತನ್ನ ಮೂಲ ಒಪ್ಪಂದದಲ್ಲೇ ಬರೆದುಕೊಂಡಿದೆ.

ಇದು ಆಯಾ ಜನರ ಹುಟ್ಟುಗುಣವೇನೂ ಅಲ್ಲ. ಒಂದು ಕಾಲಕ್ಕೆ ಅಮೆರಿಕವೇ ಹೆಚ್ಚು ಕಟ್ಟುನಿಟ್ಟಾಗಿತ್ತು. ಥ್ಯಾಲಿಡೊಮೈಡ್ ಎಂಬ ಮಾತ್ರೆ 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಅದನ್ನು ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. ಅಮೆರಿಕದ ಔಷಧ ಇಲಾಖೆಯಲ್ಲಿ 1960ರಲ್ಲಿ ಆ ಕಡತ ನೋಡಿದ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಪುರಾವೆ ಸಾಲದು ಎಂದು ಅನುಮತಿಯನ್ನು ತಡೆಹಿಡಿದರು. ಕಂಪನಿ ಮೇಲಿಂದ ಮೇಲೆ ಒತ್ತಾಯ ಹೇರಿದರೂ ಅವರು ಮಣಿಯಲಿಲ್ಲ. ಒಬ್ಬ ಅಧಿಕಾರಿ ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದರಿಂದ ಒಂದು ದೇಶದ ಮಕ್ಕಳು ಉಳಿದರು.

ತಕ್ಕಡಿ ವಾಲಿದ್ದು ಆಮೇಲೆ. ಹುಚ್ಚು ಹಿಡಿದ ದನಗಳ ರೋಗಕ್ಕೂ ಮನುಷ್ಯರ ಮಿದುಳಿನ ಹೊಸ ಕಾಯಿಲೆಗೂ ನಂಟಿರಬಹುದೆಂದು 1996ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ಒಪ್ಪಿಕೊಂಡಿತು. ಮಾಂಸ ಸುರಕ್ಷಿತವೆಂದು ಅದೇ ಸರ್ಕಾರ ವರ್ಷಗಟ್ಟಲೆ ಭರವಸೆ ಕೊಟ್ಟಿತ್ತು. ಆಹಾರದ ವಿಷಯದಲ್ಲಿ ಸರ್ಕಾರಿ ವಿಜ್ಞಾನಿಗಳ ಮಾತಿನ ಮೇಲೆ ಯುರೋಪಿನ ಜನರಿಗಿದ್ದ ನಂಬಿಕೆ ಕುಸಿಯಿತು. ಅದೇ ವರ್ಷದ ಕೊನೆಗೆ ಅಮೆರಿಕದಿಂದ ಕುಲಾಂತರಿ ಸೋಯಾ ಹೊತ್ತ ಹಡಗುಗಳು ಯುರೋಪಿನ ಬಂದರು ತಲುಪಿದವು. ಮೊದಲೇ ಬೆದರಿದ್ದ ಜನ ಬೇಡವೆಂದರು.

ಅಲ್ಲಿಂದಾಚೆಗೆ ಮೊಕದ್ದಮೆಗಳ ಸಾಲು. ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸದ ಆಮದನ್ನು ಯುರೋಪ್ 1989ರಲ್ಲೇ ನಿಲ್ಲಿಸಿತ್ತು. ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ 1998ರಲ್ಲಿ ತೀರ್ಪು ಅಮೆರಿಕದ ಪರ ಬಂತು. ಆದರೂ ಯುರೋಪ್ ಮಣಿಯಲಿಲ್ಲ. 1999ರಲ್ಲಿ ಅಮೆರಿಕ ವರ್ಷಕ್ಕೆ 11.68 ಕೋಟಿ ಡಾಲರ್ ಮೌಲ್ಯದ ಯುರೋಪಿನ ಸರಕುಗಳ ಮೇಲೆ ಶೇ. 100 ಸುಂಕ ಹಾಕಿತು. ಆ ಪಟ್ಟಿಯಲ್ಲಿ ಫ್ರಾನ್ಸಿನ ಕುರಿಹಾಲಿನ ರೋಕ್‌ಫೋರ್ ಚೀಸ್ ಕೂಡ ಇತ್ತು. ಹಾರ್ಮೋನಿಗೂ ಆ ಕುರಿಗಾಹಿಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಕುಲಾಂತರಿ ಬೆಳೆಗಳ ಅನುಮತಿಯನ್ನು ಯುರೋಪ್ ತಡೆದಿದೆಯೆಂದು ಅಮೆರಿಕ, ಕೆನಡಾ ಮತ್ತು ಅರ್ಜೆಂಟೀನಾ 2003ರಲ್ಲಿ ದೂರು ಕೊಟ್ಟವು. 2006ರ ತೀರ್ಪು ಅಲ್ಲಿಯೂ ಯುರೋಪಿನ ವಿರುದ್ಧ ಬಂತು. ಹೀಗಿದ್ದೂ ಯುರೋಪಿನಲ್ಲಿ ಇಂದಿಗೂ ಬಿತ್ತನೆಯಾಗುವ ಕುಲಾಂತರಿ ಬೆಳೆ ಒಂದೇ ಒಂದು, 1998ರಲ್ಲಿ ಒಪ್ಪಿಗೆ ಪಡೆದ ಮೆಕ್ಕೆಜೋಳದ ತಳಿ. ಅದರ ಬಹುಪಾಲು ಬೆಳೆಯುವುದು ಸ್ಪೇನಿನಲ್ಲಿ. ಅದೇ ಯುರೋಪ್ ತನ್ನ ಹಂದಿ ಕೋಳಿಗಳ ಮೇವಿಗೆ ಕುಲಾಂತರಿ ಸೋಯಾವನ್ನು ದಂಡಿಯಾಗಿ ತರಿಸಿಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು. ಯಾವ ದಡವೂ ಶುದ್ಧ ತತ್ತ್ವದ ಮೇಲೆ ನಿಂತಿಲ್ಲ.

ಈಗ ಜಗಳ ಮೊಬೈಲಿಗೂ ಬಂದಿದೆ. ಯುರೋಪಿನ ಡಿಜಿಟಲ್ ಕಾನೂನಿನಡಿ 2025ರ ಡಿಸೆಂಬರ್‌ನಲ್ಲಿ ಎಕ್ಸ್ ಎಂಬ ಜಾಲತಾಣ ಕಂಪನಿಗೆ 12 ಕೋಟಿ ಯೂರೊ ದಂಡ ಬಿತ್ತು. ಅದೇ ತಿಂಗಳು, ಇದೇ ಜಗಳದ ಭಾಗವಾಗಿ, ಅಮೆರಿಕ ಯುರೋಪ್ ಆಯೋಗದ ಮಾಜಿ ಸದಸ್ಯ ತಿಯೆರಿ ಬ್ರೆತಾನ್ ಅವರಿಗೆ ವೀಸಾ ನಿರಾಕರಿಸಿತು. ವಿದೇಶಿ ಜಾಲತಾಣ ಕಂಪನಿಗಳ ಜಾಹೀರಾತಿನ ಮೇಲೆ ಭಾರತ 2016ರಲ್ಲಿ ಹಾಕಿದ್ದ ಶೇ. 6ರ ತೆರಿಗೆಯನ್ನು 2025ರ ಏಪ್ರಿಲ್‌ನಲ್ಲಿ ತೆಗೆದದ್ದಕ್ಕೂ ವಾಣಿಜ್ಯ ಮಾತುಕತೆಯ ಹಿನ್ನೆಲೆಯಿತ್ತು.

ಶಿವಮೊಗ್ಗದಿಂದ ಜಿನೀವಾಕ್ಕೆ

ಈ ಜಗಳವನ್ನು ನಮ್ಮ ಜಿಲ್ಲೆ ದೂರದಿಂದ ನೋಡುತ್ತ ಕೂತಿರಲಿಲ್ಲ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದ ಬಳಿಕ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಶಿವಮೊಗ್ಗವೇ ಮೊದಲ ನೆಲೆ. ಅದರ ಮುಂದಾಳುಗಳಾದ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಈ ಜಿಲ್ಲೆಯವರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಊರ ಬಾಗಿಲಲ್ಲಿ ಎದ್ದ ಕಾಲವನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಆ ಚಳವಳಿಯನ್ನು ಬೀಜದ ಪ್ರಶ್ನೆಗೂ ವಿಶ್ವ ವಾಣಿಜ್ಯದ ಪ್ರಶ್ನೆಗೂ ಒಯ್ದರು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಯ ಕಡತಗಳು ಬೀದಿಗೆ ಬಿದ್ದವು. 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ಪ್ರಯೋಗಕ್ಕೆಂದು ಬೆಳೆದಿದ್ದ ಬಿಟಿ ಎಂಬ ಕುಲಾಂತರಿ ಹತ್ತಿಯನ್ನು ರೈತರು ಕಿತ್ತು ಸುಟ್ಟರು. 1999ರ ಮೇ-ಜೂನ್‌ನಲ್ಲಿ ನೂರಾರು ಭಾರತೀಯ ರೈತರು, ಅವರಲ್ಲಿ ಕರ್ನಾಟಕದವರೂ ಸೇರಿ, ಹಸಿರು ಶಾಲು ಹೊದ್ದು ಯುರೋಪಿನಲ್ಲೆಲ್ಲ ತಿರುಗಿ ಜಿನೀವಾದ ವಿಶ್ವ ವಾಣಿಜ್ಯ ಸಂಸ್ಥೆಯ ಬಾಗಿಲಲ್ಲಿ ನಿಂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ಮಿಯೋ ಊರಿನಲ್ಲಿ ಜೋಸೆ ಬೋವೆ ಎಂಬ ರೈತ ನಾಯಕ, ರೋಕ್‌ಫೋರ್ ಮೇಲಿನ ಸುಂಕಕ್ಕೆ ಸಿಟ್ಟಾಗಿ ಸಂಗಾತಿಗಳೊಡನೆ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಕಳಚಿಹಾಕಿದರು. ಅವರ ಸಂಘಟನೆಯೂ ನಮ್ಮ ರೈತ ಸಂಘವೂ ವಿಯಾ ಕಂಪೆಸಿನಾ ಎಂಬ ಒಂದೇ ಜಾಗತಿಕ ಒಕ್ಕೂಟದ ಸದಸ್ಯರು.

ಸುಡುವುದನ್ನೂ ಕೆಡವುವುದನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಅಂದು ಎದ್ದ ಪ್ರಶ್ನೆ ಸರಿಯಾಗಿತ್ತು: ನನ್ನ ಪಕ್ಕದ ಹೊಲದಲ್ಲಿ ಏನು ಬಿತ್ತಿದ್ದಾರೆಂದು ನನಗೆ ಯಾಕೆ ಹೇಳಲಿಲ್ಲ? 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಕಾಯಿಕೊರಕ ತಗ್ಗಿತು, ರೈತರು ಆ ಬೀಜವನ್ನು ತಾವಾಗಿಯೇ ಕೊಂಡರು. 2010ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಆ ಹತ್ತಿಯೊಳಗಿನ ವಿಷಕ್ಕೆ ಬಗ್ಗದೆ ನಿಂತದ್ದು ಗುಜರಾತಿನಲ್ಲಿ ಕಂಡುಬಂತು. ಬಿಟಿಯನ್ನು ಪೂರ್ತಿ ಹೊಗಳಿದವರೂ ಪೂರ್ತಿ ತೆಗಳಿದವರೂ ಈ ಎರಡು ಸತ್ಯಗಳಲ್ಲಿ ಒಂದನ್ನು ಬಿಟ್ಟುಬಿಡುತ್ತಾರೆ.

ಹುಳು ಮೊದಲು ಸಿಕ್ಕಿದ್ದು ಇಲ್ಲಿ

ಈಗ ಜೋಳದ ಹೊಲಕ್ಕೆ ಇಳಿಯೋಣ. ಮಳೆ ಹಿಡಿದ ಮೇಲೆ ಮೊಣಕಾಲೆತ್ತರ ಬೆಳೆದ ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದರೆ ಗರಗಸದ ಪುಡಿಯಂಥ ಹಿಕ್ಕೆ ತುಂಬಿರುತ್ತದೆ. ಅದರೊಳಗೆ ಹುಳು. ಅದರ ತಲೆಯ ಮೇಲೆ ಬೋರಲಾದ ಇಂಗ್ಲಿಷಿನ ವೈ ಅಕ್ಷರದ ಗೆರೆ, ಬಾಲದ ಹತ್ತಿರ ಚೌಕಕ್ಕೆ ಕೂತ ನಾಲ್ಕು ಕಪ್ಪು ಚುಕ್ಕೆ. ಇದು ಫಾಲ್ ಆರ್ಮಿವರ್ಮ್, ಅಮೆರಿಕ ಖಂಡದ ಸೈನಿಕ ಹುಳು. 2016ರಲ್ಲಿ ಅಟ್ಲಾಂಟಿಕ್ ದಾಟಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅದನ್ನು ಗುರುತಿಸಿ ಲೋಕಕ್ಕೆ ತಿಳಿಸಿದವರು ಇಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು. ಒಂದೆರಡು ವರ್ಷದಲ್ಲಿ ಹುಳು ದೇಶವೆಲ್ಲ ಹಬ್ಬಿತು.

ಈ ಸಂಗತಿಯನ್ನು ನಾನು ಹೆಮ್ಮೆಯಿಂದಲೂ ಒಂದು ಉದ್ದೇಶದಿಂದಲೂ ಹೇಳುತ್ತಿದ್ದೇನೆ. ಹುಳುವನ್ನು ಹೆಸರು ಹಿಡಿದು ಕರೆಯಲು ನಮಗೆ ಬ್ರಸೆಲ್ಸ್ ಬೇಕಾಗಲಿಲ್ಲ, ವಾಷಿಂಗ್ಟನ್ ಬೇಕಾಗಲಿಲ್ಲ. ಹತ್ತಿರದಲ್ಲಿ ಒಂದು ಪ್ರಯೋಗಾಲಯ, ಹೊಲಕ್ಕಿಳಿಯುವ ವಿಜ್ಞಾನಿ, ಸುಳಿ ಬಿಡಿಸಿ ತೋರಿಸುವ ರೈತ, ಇಷ್ಟಿದ್ದದ್ದಕ್ಕೆ ಕೆಲಸವಾಯಿತು. ಆಮೇಲೆ ಬಂದ ಸಲಹೆಯೂ ಬಹುಮಟ್ಟಿಗೆ ನಮ್ಮ ಅಡುಗೆಮನೆ ಕೊಟ್ಟಿಗೆಗಳಲ್ಲಿ ಸಿಗುವ ವಸ್ತುಗಳದ್ದೇ: 10 ಕಿಲೋ ಭತ್ತದ ತೌಡು, 2 ಕಿಲೋ ಬೆಲ್ಲ ನೀರಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಡುವುದು, 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ ಸುಳಿಗೆ ಹಾಕುವುದು.

ಅಮೆರಿಕದ ಉತ್ತರ ಬೇರೆ. ಅಲ್ಲಿ ಬಿತ್ತುವ ಮೆಕ್ಕೆಜೋಳದಲ್ಲಿ ಶೇ. 90ಕ್ಕಿಂತ ಹೆಚ್ಚು ಕುಲಾಂತರಿ. ಅದರ ಬಹುಪಾಲಿನಲ್ಲಿ ಹುಳು ಕೊಲ್ಲುವ ಗುಣ ಬೀಜದಲ್ಲೇ ಇರುತ್ತದೆ. ಆದರೆ ಅದೂ ಶಾಶ್ವತ ರಕ್ಷೆಯಲ್ಲ. ಕೆರಿಬಿಯನ್ನಿನ ಪೋರ್ಟೊ ರಿಕೊ ದ್ವೀಪದಲ್ಲಿ ಇದೇ ಹುಳು ಒಂದು ಬಗೆಯ ಬಿಟಿ ಜೋಳವನ್ನು ಜಯಿಸಿದ್ದರಿಂದ ಕಂಪನಿ ಆ ಬೀಜವನ್ನು ಅಲ್ಲಿಂದ ಹಿಂತೆಗೆಯಬೇಕಾಯಿತು.

ಈ ಜೋಳ ನಮ್ಮ ಬಾಗಿಲು ತಟ್ಟುತ್ತಿದೆ. ಭಾರತ ವರ್ಷಕ್ಕೆ 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ. 15 ಸುಂಕದಲ್ಲಿ ಬಿಟ್ಟುಕೊಳ್ಳುತ್ತದೆ, ಅದನ್ನು ಮೀರಿದರೆ ಶೇ. 50. ಕುಲಾಂತರಿ ಕಾಳಿಗೆ ಪ್ರವೇಶವಿಲ್ಲ. ಆಮದಾಗುವ 24 ಆಹಾರ ಬೆಳೆಗಳಿಗೆ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರ ಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಅಮೆರಿಕ ಅಂದಿನಿಂದ ಅದನ್ನು ಆಕ್ಷೇಪಿಸುತ್ತಲೇ ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಮ್ಮ ಸರಕಿನ ಮೇಲೆ ಶೇ. 50 ಸುಂಕ ಬಿತ್ತು. ಅದರ ಮುಂದಿನ ತಿಂಗಳೇ ಅಮೆರಿಕದ ವಾಣಿಜ್ಯ ಸಚಿವ ಹೋವರ್ಡ್ ಲಟ್ನಿಕ್, 140 ಕೋಟಿ ಜನರ ದೇಶ ನಮ್ಮಿಂದ ಒಂದು ಬುಶೆಲ್ ಜೋಳವನ್ನಾದರೂ ಯಾಕೆ ಕೊಳ್ಳುವುದಿಲ್ಲ ಎಂದು ಬಹಿರಂಗವಾಗಿ ಕೇಳಿದರು. ಒಂದು ಬುಶೆಲ್ ಅಂದರೆ ಸುಮಾರು 25 ಕಿಲೋ. ಅವರು ಬೆಳೆಯುವ ಜೋಳ ನಮ್ಮ ಇಡೀ ದೇಶದ ಬೆಳೆಯ ಒಂಬತ್ತು ಹತ್ತು ಪಟ್ಟು.

ಆ ಮಾತು ಬಂದದ್ದು ಯಾವ ಹೊತ್ತಿನಲ್ಲಿ? 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ನವೆಂಬರ್‌ನಲ್ಲಿ ರಾಜ್ಯದ ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ದರ 1,600ರಿಂದ 1,800 ಎಂದು ಮುಖ್ಯಮಂತ್ರಿಗಳೇ ಪ್ರಧಾನಿಗೆ ಬರೆದರು. ಶಿರಾಳಕೊಪ್ಪ, ಆನವಟ್ಟಿ ರಸ್ತೆಗಳ ಅಂಚಿನಲ್ಲಿ ಜೋಳ ಹರವಿ, ಸುತ್ತ ಕಲ್ಲಿಟ್ಟು, ಸಂಜೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಕಾಯುವವರಿಗೆ ತೇವಾಂಶದ ಲೆಕ್ಕ ಚೆನ್ನಾಗಿ ಗೊತ್ತು. ಶೇ. 14 ದಾಟಿತೆಂದರೆ ಖರೀದಿ ಕೇಂದ್ರದಲ್ಲಿ ಬೇಡ, ವರ್ತಕನಲ್ಲಿ ದರ ಕಡಿತ. ಬೆಲೆ ಬಿದ್ದದ್ದಕ್ಕೆ ಅಮೆರಿಕವನ್ನು ದೂರುವಂತಿಲ್ಲ, ಅವರ ಕಾಳು ಆಗ ಇಲ್ಲಿಗೆ ಬಂದಿರಲಿಲ್ಲ. ಬೆಳೆ ಹೆಚ್ಚಿತ್ತು, ಖರೀದಿ ತಡವಾಯಿತು, ಎಥೆನಾಲ್‌ಗೆ ಎಷ್ಟು ಜೋಳ, ಎಷ್ಟು ಅಕ್ಕಿ, ಎಷ್ಟು ಕಬ್ಬು ಎಂಬ ಹಂಚಿಕೆ ದೆಹಲಿಯಲ್ಲಿ ನಡೆಯಿತು. ತನ್ನ ಬೆಳೆಗೇ ದರ ಸಿಗದ ಕಾಲದಲ್ಲಿ ಹೊರಗಿನ ಅಗ್ಗದ ಕಾಳೂ ಸೇರಿದರೆ ಏನಾದೀತೆಂಬ ಭಯ ಮಾತ್ರ ಸಕಾರಣವಾದುದು.

2026ರ ಫೆಬ್ರುವರಿಯಲ್ಲಿ ಭಾರತ ಮತ್ತು ಅಮೆರಿಕ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಸುಂಕ ಇಳಿಸುವ ಸರಕುಗಳ ನಡುವೆ, ಮೆಕ್ಕೆಜೋಳದ ಕಾಳಿನ ಹೆಸರಿಲ್ಲ. ಆದರೆ ಡಿಡಿಜಿಎಸ್ ಎಂಬ ಪಶು ಆಹಾರದ ಹೆಸರಿದೆ. ಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ ಅದು. ಅಮೆರಿಕದ ಹಿಂಡಿ ಎಂದರೆ ಬಹುಮಟ್ಟಿಗೆ ಕುಲಾಂತರಿ ಜೋಳದ ಹಿಂಡಿ. ನಮ್ಮ ಜೋಳ ಹೋಗುವುದೂ ಕೋಳಿ, ದನಗಳ ಆಹಾರಕ್ಕೇ. ಕಾಳು ಮುಂಬಾಗಿಲಿನಿಂದ ಬರದಿದ್ದರೂ ಅದರ ಹಿಂಡಿ ಹಿತ್ತಿಲ ಬಾಗಿಲಿನಿಂದ ಬಂದರೆ ನಮ್ಮ ಕಣದ ಮೇಲೆ ಆಗುವ ಪರಿಣಾಮವನ್ನು ಯಾರಾದರೂ ಲೆಕ್ಕ ಹಾಕಿ ರೈತರ ಮುಂದೆ ಇಡಬೇಡವೇ?

ಒಂದೇ ಮೆಣಸು, ಎರಡು ಬಂದರು

ಯುರೋಪ್ ನಮಗೆ ಹಿತೈಷಿಯೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಮೆಣಸಿನ ಕತೆ ಕೇಳಿ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸನ್ನು ಕೊಯ್ದು, ಬಿಡಿಸಿ, ಅಂಗಳದಲ್ಲಿ ಒಣಗಿಸಿ ಮಂಡಿಗೆ ಒಯ್ಯುತ್ತೇವೆ. ಅಲ್ಲಿ ನೂರಾರು ಮನೆಯ ಮೆಣಸು ಒಂದಾಗುತ್ತದೆ. ಮುಂದೆ ಸಂಸ್ಕರಣೆ ಮಾಡುವವರು ಬ್ಯಾಕ್ಟೀರಿಯಾ ಕೊಲ್ಲಲು ಕೆಲವೊಮ್ಮೆ ಎಥಿಲೀನ್ ಆಕ್ಸೈಡ್ ಎಂಬ ಅನಿಲ ಹಾಯಿಸುತ್ತಾರೆ. ಒಣ ಸಾಂಬಾರ ಪದಾರ್ಥದಲ್ಲಿ ಅದರ ಉಳಿಕೆ ಕಿಲೋಗೆ 7 ಮಿಲಿಗ್ರಾಂವರೆಗೆ ಇರಬಹುದೆನ್ನುತ್ತದೆ ಅಮೆರಿಕ. ಯುರೋಪಿನ ಮಿತಿ 0.1 ಮಿಲಿಗ್ರಾಂ. ಎಪ್ಪತ್ತು ಪಟ್ಟು ವ್ಯತ್ಯಾಸ. ಒಂದೇ ಚೀಲದ ಮೆಣಸು ನ್ಯೂಯಾರ್ಕಿನಲ್ಲಿ ಪಾಸಾಗಿ ರಾಟರ್‌ಡ್ಯಾಮಿನಲ್ಲಿ ಫೇಲಾಗಬಹುದು.

ಇಬ್ಬರಿಗೂ ಅವರವರ ಕಾರಣಗಳಿವೆ. ಮಸಾಲೆಯಲ್ಲಿ ಉಳಿಯುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಅಮೆರಿಕ ಹೆಚ್ಚು ಹೆದರುತ್ತದೆ. ಕ್ಯಾನ್ಸರ್ ತರುವ ಅನಿಲದ ಉಳಿಕೆಗೆ ಯುರೋಪ್ ಹೆಚ್ಚು ಹೆದರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಭಾರತದ ಎಳ್ಳಿನಲ್ಲಿ ಈ ಉಳಿಕೆ ಬೆಲ್ಜಿಯಂನಲ್ಲಿ ಸಿಕ್ಕಿತು. ಮುಂದಿನ ತಿಂಗಳೇ ಯುರೋಪ್ ನಮ್ಮ ಎಳ್ಳಿನ ಪ್ರತಿ ಎರಡು ಸರಕಿಗೊಂದನ್ನು ತಪಾಸಣೆಗೆ ಒಳಪಡಿಸಿತು. ಪರಿಣಾಮ ಯಾರ ಮೇಲೆ? ಆ ಅನಿಲದ ಹೆಸರನ್ನೇ ಕೇಳದ ರೈತನ ಮೇಲೆ. ಮಂಡಿಯಲ್ಲಿ ಸರಕು ಬೆರೆತ ಮೇಲೆ ನನ್ನದು ಶುದ್ಧವೆಂದು ಹೇಳಲು ಅವನ ಬಳಿ ಒಂದು ಚೀಟಿಯೂ ಇರುವುದಿಲ್ಲ. ಶುಂಠಿಯಲ್ಲಿ ಉಳಿಯುವ ಕೀಟನಾಶಕದ ಲೆಕ್ಕವೂ ಇದೇ. ಪ್ರತ್ಯೇಕ ಮಿತಿ ಗೊತ್ತುಮಾಡದ ಯಾವುದೇ ಕೀಟನಾಶಕಕ್ಕೆ ಯುರೋಪಿನ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂಗಡಿಯವನು ಕೊಟ್ಟದ್ದನ್ನು ಹೊಡೆದು ಬೆಳೆದ ಶುಂಠಿಯಲ್ಲಿ ಏನಿದೆಯೆಂದು ತಿಳಿಯುವ ದಾರಿ ಬೆಳೆದವನಿಗೇ ಇಲ್ಲ.

ಕಾನು ಮತ್ತು ನಕ್ಷೆ

ಸೊರಬದ ಮಿತ್ರರಿಗೆ ಕಾನುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಊರ ಪಕ್ಕದ ಆ ನಿತ್ಯಹಸಿರಿನ ಕಾಡು ನೀರು ಹಿಡಿದಿಡುತ್ತಿತ್ತು, ಅದರೊಳಗೆ ದೇವರ ನೆಲೆಯಿತ್ತು, ಮೆಣಸು ಸಿಗುತ್ತಿತ್ತು, ಹಳ್ಳಿಗರು ಅದಕ್ಕೆ ಕಂದಾಯ ಕಟ್ಟುತ್ತಿದ್ದರು. 1868ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅರಣ್ಯಾಧಿಕಾರಿ ಡೀಟ್ರಿಕ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು ಸೇರಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಬರೆದರು. ಕಾನು ಸರ್ಕಾರದ್ದೋ ಊರಿನದೋ ಎಂಬ ವಿಚಾರ ಅಂದೇ ಕಡತಕ್ಕೆ ಹೋಯಿತು. ಅದು ಇಂದಿಗೂ ಇತ್ಯರ್ಥವಾಗಿಲ್ಲ.

ಈಗ ಯುರೋಪ್ ಮತ್ತೊಂದು ಕಡತ ತೆರೆದಿದೆ. 2023ರ ಅದರ ಕಾನೂನಿನ ಪ್ರಕಾರ ಕಾಫಿ, ರಬ್ಬರ್, ಮರ, ಸೋಯಾ ಮೊದಲಾದ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದವಾಗಿರಬಾರದು. ಬೆಳೆದ ಹಿಡುವಳಿಯ ಅಕ್ಷಾಂಶ ರೇಖಾಂಶ ಕೊಡಬೇಕು, ನೆಲ ಸ್ಥಳೀಯ ಕಾನೂನಿನ ಪ್ರಕಾರ ಸಕ್ರಮವಾಗಿರಬೇಕು. ಉದ್ದೇಶ ಒಳ್ಳೆಯದು. ಕಾನು ಕಡಿಯುವವರಿಂದ ಕಾಡನ್ನು ಉಳಿಸಬೇಕೆಂಬುದು ನಮ್ಮ ಆಸೆಯೂ ಹೌದು. ಆದರೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿರುವ ಬಗರ್‌ಹುಕುಂ ಸಾಗುವಳಿದಾರ ಸಕ್ರಮವೆಂಬ ಕಾಗದವನ್ನು ಎಲ್ಲಿಂದ ತಂದಾನು? ತಪ್ಪು ಅವನದಲ್ಲ, ಇತ್ಯರ್ಥ ಮಾಡದ ವ್ಯವಸ್ಥೆಯದು. ಇಂದು ಈ ಕಾನೂನು ಮುಟ್ಟುವುದು ಹೆಚ್ಚಾಗಿ ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನು. ನಾಳೆ ಪಟ್ಟಿ ಬೆಳೆದರೆ ನಮ್ಮ ಸರದಿ.

2025ರ ಜುಲೈನಲ್ಲಿ ಸ್ಕಾಟ್ಲೆಂಡಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಮತ್ತು ಯುರೋಪ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲಾಯನ್ ಶೇ. 15 ಸುಂಕದ ಒಪ್ಪಂದಕ್ಕೆ ಬಂದರು. ಆಗಸ್ಟ್‌ನ ಜಂಟಿ ಹೇಳಿಕೆಯಲ್ಲಿ, ಈ ಅರಣ್ಯ ಕಾನೂನಿನ ಬಗ್ಗೆ ಅಮೆರಿಕದ ಬೆಳೆಗಾರರ ಅಳಲನ್ನು ಪರಿಹರಿಸುವುದಾಗಿ ಯುರೋಪ್ ಮಾತು ಕೊಟ್ಟಿತು. ಕಾನೂನಿನ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ, ನಿಜ. ಆದರೂ ಕಾಗದಪತ್ರದ ಹೊರೆ ತಪ್ಪುವುದಿಲ್ಲ. ದೊಡ್ಡವರು ಮೇಜಿನ ಮುಂದೆ ಕೂತು ತಮ್ಮವರ ಅಳಲನ್ನು ಬರೆಸಿಕೊಂಡರು. ನಮ್ಮವರ ಅಳಲು ಆ ಮೇಜಿಗೆ ತಲುಪುವ ದಾರಿ ಇನ್ನೂ ಆಗಿಲ್ಲ.

ಅಡಿಕೆಯ ಮುಂದೆ ಪ್ರಾಮಾಣಿಕತೆ

ಇಲ್ಲಿಯವರೆಗೆ ಹೊರಗಿನವರ ಮಾತಾಯಿತು. ಈ ಸಭೆಯಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕಾದ ಒಂದು ಮಾತಿದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರ ಪರಾಮರ್ಶೆಯಲ್ಲಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ವರ್ಗೀಕರಿಸಿತು. ಬೆಳೆಗಾರರು ಅದನ್ನು ಒಪ್ಪಿಲ್ಲ, ನಮ್ಮದೇ ಸಂಶೋಧನೆ ಆಗಲೆಂದು ಕೇಳಿದ್ದಾರೆ. ಆ ಬೇಡಿಕೆ ನ್ಯಾಯವಾದುದು. ಆದರೆ ಆ ಸಂಶೋಧನೆ ಏನೇ ಹೇಳಿದರೂ ಕೇಳುವ ಮನಸ್ಸಿಟ್ಟುಕೊಂಡೇ ಬೇಡಿಕೆ ಇಡಬೇಕು. ಕುಲಾಂತರಿ ಜೋಳಕ್ಕೆ ಮುನ್ನೆಚ್ಚರಿಕೆ ಬೇಕು, ಅಡಿಕೆಗೆ ಬೇಡ ಎಂದರೆ ನಾವೂ ಅನುಕೂಲಕ್ಕೆ ತಕ್ಕ ವಿಜ್ಞಾನವನ್ನು ಆರಿಸಿಕೊಂಡಂತೆ. ನಮ್ಮ ಮಕ್ಕಳು ಗುಟ್ಕಾ ಚೀಟಿ ಹರಿಯುವುದನ್ನು ನಾವು ಬಸ್ ನಿಲ್ದಾಣದಲ್ಲಿ ನಿತ್ಯ ನೋಡುತ್ತೇವೆ.

ಸುಂಕದ ವಿಷಯದಲ್ಲೂ ಅಷ್ಟೇ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಮಲೆನಾಡು ನಿಟ್ಟುಸಿರು ಬಿಟ್ಟಿತು. ತನ್ನವರನ್ನು ಕಾಯಲು ಬೇಲಿ ಹಾಕುವುದು ನಮಗೆ ಸರಿಯಾದರೆ ಇನ್ನೊಬ್ಬರು ಹಾಕಿದ ಬೇಲಿಯನ್ನು ಕೇವಲ ದ್ರೋಹವೆನ್ನಲಾಗದು. ಬೇಲಿಯ ಅಳತೆ ನ್ಯಾಯವೇ, ಅದಕ್ಕೆ ಕೊಟ್ಟ ಕಾರಣ ಸಾಚಾವೇ ಎಂದು ಮಾತ್ರ ಕೇಳಬಹುದು. ಆ ಪ್ರಶ್ನೆ ನಮಗೂ ಸಲ್ಲುತ್ತದೆ.

ನಾವು ಮಾಡಬೇಕಾದದ್ದು

ಮೊದಲನೆಯದು, ರಾಜ್ಯದ ಮಾತು. ಕೃಷಿ ಸಂವಿಧಾನದ ಪ್ರಕಾರ ರಾಜ್ಯದ ವಿಷಯ, ವಿದೇಶ ವ್ಯಾಪಾರ ಕೇಂದ್ರದ ವಿಷಯ. ಒಪ್ಪಂದಕ್ಕೆ ಸಹಿ ದೆಹಲಿಯಲ್ಲಿ, ಅದರ ಫಲ ಶಿಕಾರಿಪುರದಲ್ಲಿ. ಕುಲಾಂತರಿ ಬೆಳೆಯ ಕ್ಷೇತ್ರ ಪ್ರಯೋಗಕ್ಕೆ 2011ರಿಂದ ರಾಜ್ಯದ ಒಪ್ಪಿಗೆ ಪತ್ರ ಬೇಕೆಂಬ ನಿಯಮ ಬಂತು. ಕೃಷಿ ಆಮದಿನ ಒಪ್ಪಂದಕ್ಕೂ ರಾಜ್ಯಗಳ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಬೇಕೆಂದು ನಾವು ಕೇಳಬೇಕು. ಸೊರಬ ಎಸ್. ಬಂಗಾರಪ್ಪನವರನ್ನೂ ಶಿಕಾರಿಪುರ ಬಿ. ಎಸ್. ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿ ಪದವಿಗೆ ಕಳಿಸಿದ ತಾಲ್ಲೂಕುಗಳು. ದೇಶದಲ್ಲೇ ಮೊದಲ ಪ್ರತ್ಯೇಕ ಕೃಷಿ ಬಜೆಟ್ 2011ರಲ್ಲಿ ಮಂಡನೆಯಾದದ್ದು ಈ ರಾಜ್ಯದಲ್ಲಿ. ಈ ಕೇಳಿಕೆ ನಮ್ಮ ಯೋಗ್ಯತೆಗೆ ಮೀರಿದ್ದಲ್ಲ.

ಎರಡನೆಯದು, ಪರೀಕ್ಷೆ. ಹುಳುವನ್ನು ಮೊದಲು ಗುರುತಿಸಿದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಜೋಳದ ತೇವಾಂಶ, ಬೂಷ್ಟಿನ ವಿಷ, ಮೆಣಸು ಶುಂಠಿಗಳ ರಾಸಾಯನಿಕ ಉಳಿಕೆ, ಇವನ್ನು ರೈತನಿಗೆ ಎಟುಕುವ ದರದಲ್ಲಿ ಪರೀಕ್ಷಿಸಿ ಚೀಟಿ ಕೊಡುವ ವ್ಯವಸ್ಥೆ ಎಪಿಎಂಸಿ ಅಂಗಳದಲ್ಲೇ ಇರಬೇಕು. ರೈತ ಉತ್ಪಾದಕ ಕಂಪನಿಗಳೂ ಸಹಕಾರ ಸಂಘಗಳೂ ಯಾರ ಸರಕು ಯಾವ ಚೀಲದಲ್ಲಿದೆ ಎಂಬ ಲೆಕ್ಕ ಇಡಬೇಕು. ಆ ಚೀಟಿ ಕೈಯಲ್ಲಿದ್ದವನನ್ನು ವರ್ತಕನೂ ಸುಲಭಕ್ಕೆ ಮಣಿಸಲಾರ, ರಾಟರ್‌ಡ್ಯಾಮೂ ಮಣಿಸಲಾರದು.

ಮೂರನೆಯದು, ಭಾಷೆ. ನಮ್ಮ ಬಳ್ಳಿಗಾವೆಯ ಶಾಸನಗಳಲ್ಲಿ ಯಾವ ಸುಂಕ, ಯಾರಿಗೆ ವಿನಾಯಿತಿ, ಯಾವ ಎಲ್ಲೆ ಎಂಬುದನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಬರೆದು, ಜನ ಬರುವ ಜಾಗದಲ್ಲಿ ನಿಲ್ಲಿಸಿದರು. ಒಂದು ಸಾವಿರ ವರ್ಷದ ಹಿಂದೆ ಆದದ್ದು ಇಂದು ಯಾಕೆ ಆಗಬಾರದು? ಹೊಸ ಆಹಾರ ನಿಯಮದ ಕರಡಿಗೆ ಆಕ್ಷೇಪಣೆ ಸಲ್ಲಿಸಲು ವಿಶ್ವ ವಾಣಿಜ್ಯ ಸಂಸ್ಥೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ 60 ದಿನ ಇರುತ್ತದೆ. ಇಂಗ್ಲಿಷಿನ ಕರಡು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಕರಡು ಕನ್ನಡದಲ್ಲಿ ಬರಬೇಕು, ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಬೇಕು, ಗ್ರಾಮಸಭೆಯಲ್ಲಿ ಓದಬೇಕು. ಇದು ಆಗದ ಮಾತಲ್ಲ. ಬಿಟಿ ಬದನೆಯ ಬಗ್ಗೆ 2010ರಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಬಹಿರಂಗ ಅಹವಾಲು ಕೇಳಿದರು. ಫೆಬ್ರುವರಿ 9ರಂದು ತಡೆ ಘೋಷಿಸುವಾಗ ತಮ್ಮ ಕಾರಣಗಳನ್ನು ಬರೆದು ಪ್ರಕಟಿಸಿದರು. ಆ ತೀರ್ಮಾನವನ್ನು ಒಪ್ಪದವರೂ ಕೇಳಿದ ರೀತಿಯನ್ನು ಒಪ್ಪಬಹುದು. ಡಿಡಿಜಿಎಸ್ ಬಗ್ಗೆಯೂ ಅಂಥ ಅಹವಾಲು ನಡೆಯಲಿ, ಶಿವಮೊಗ್ಗದಲ್ಲಿಯೂ ನಡೆಯಲಿ. ಪಶು ಆಹಾರದ ಚೀಲದ ಮೇಲೆ ಒಳಗೇನಿದೆ ಎಂದು ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಕೃಷಿ, ವಾಣಿಜ್ಯ, ಕಾನೂನು ಏನನ್ನೇ ಓದಿ, ಒಂದು ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಿಮ್ಮ ಅಪ್ಪ ಅವ್ವನಿಗೆ ಅರ್ಥವಾಗುವಂತೆ ಹೇಳುವುದನ್ನು ಕಲಿಯಿರಿ. ಫ್ರಾನ್ಸಿಸ್ ಕೆಲ್ಸಿ ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ, ಮೇಜಿನ ಮೇಲಿದ್ದ ಕಡತವನ್ನು ಮನಸ್ಸಿಟ್ಟು ಓದಿ ಪುರಾವೆ ಕೇಳಿದ್ದು. ಅಂಥ ಓದುಗರು ಒಂದೊಂದು ಹೋಬಳಿಗೆ ಹತ್ತು ಮಂದಿ ಇದ್ದರೆ ಹೊರಗಿನ ಯಾವ ನಿಯಮವೂ ನಮ್ಮನ್ನು ಕೇಳದೆ ನಮ್ಮ ಹೊಲ ದಾಟಲಾರದು. ಅಮೆರಿಕದವರು ತಮ್ಮ ರೈತರಿಗಾಗಿ ವಾದಿಸುತ್ತಾರೆ, ಯುರೋಪಿನವರು ತಮ್ಮ ಉಣ್ಣುವವರಿಗಾಗಿ ವಾದಿಸುತ್ತಾರೆ. ಬೆಳೆಯುವವರೂ ಉಣ್ಣುವವರೂ ಒಂದೇ ಮನೆಯಲ್ಲಿರುವ ನಮ್ಮ ನಾಡಿನಲ್ಲಿ ಇಬ್ಬರಿಗಾಗಿಯೂ ವಾದಿಸುವ ಹೊಣೆ ನಮ್ಮದೇ. ಆ ಹೊಣೆಗೆ ಶಿಕಾರಿಪುರ, ಸೊರಬ ತಾಲ್ಲೂಕುಗಳು ಮುಂದಾಗಲಿ ಎಂದು ಬೇಡಿಕೊಳ್ಳುತ್ತೇನೆ.